ಸೋಮವಾರದ ಅಣಬೆ

ತಮ್ಮನ ಹೆಂಡತಿ ಸೋಮವಾರ ಮೀನು ಮುಟ್ಟುವುದಿಲ್ಲ. ಮಗು ಹುಟ್ಟಿದ ಮೇಲೆ ಹೊತ್ತ ಹರಕೆ ಅದು. ನಾನು ಬೀಜಾಡಿಯಿಂದ ಮಗುವನ್ನು ನೋಡಲೆಂದು ವಂಡ್ಸೆಗೆ ಹೋದದ್ದೂ ಒಂದು ಸೋಮವಾರವೇ. ಮಳೆಗಾಲ ಹಿಡಿದು ದೋಣಿಗಳೆಲ್ಲ ದಡ ಸೇರಿದ್ದವು. ಮೀನಿಲ್ಲದೆ ಬಾಯಿ ಕೆಟ್ಟುಹೋಗಿದ್ದ ತಮ್ಮ ಬೆಳಿಗ್ಗೆ ಬುಟ್ಟಿ ತುಂಬ ಅಣಬೆ ತಂದಿದ್ದ. ತೆಂಗಿನಕಾಯಿ ಹುರಿದು ಹಾಕಿ ಅವಳೇ ಪದಾರ್ಥ ಮಾಡಿದ್ದಳು. ಬೇಯುವಾಗ ಅರಿಶಿನದ ಬಣ್ಣ ತಿರುಗಲಿಲ್ಲ, ವಿಷವಿಲ್ಲ ಎಂದು ಅವನು ಪಾತ್ರೆಗೆ ಬಗ್ಗಿ ನೋಡಿ ತೀರ್ಪು ಕೊಟ್ಟಿದ್ದ.

ಬಾಳೆಲೆ ಹಾಕಿ ಕೂತಾಗ ಅವಳು ಸೌಟು ಹಿಡಿದುಕೊಂಡೇ ಕೇಳಿದಳು: "ಹ್ವಾಯ್ ಅತ್ಗಿ, ನೀವ್ ಓದದ್ ಇದನ್ನೇ ಅಲ್ದಾ? ಹೇಳಿ ಕಾಂಬ, ಅಣಬಿ ಗಿಡ್ವೋ, ಮೀನಿನ್ ಜಾತಿಯೋ? ಗಿಡ ಅಂದ್ರೆ ನಾನೂ ಎರಡ್ ಸೌಟ್ ಹಾಕಂತೆ."

"ಅದ್ರಲ್ಲಿ ಕೇಂಬುದ್ ಎಂತ ಇತ್?" ಎಂದ ತಮ್ಮ. "ಮಣ್ಣಲ್ ಹುಟ್ಟತ್. ಓಡುದಿಲ್ಲ, ಈಜುದಿಲ್ಲ. ಗಿಡವೇ. ಉಣ್ಣ್ ಮಾರಾಯ್ತಿ."

ನಾನು ಸುಮ್ಮನಿರಬಹುದಿತ್ತು. ಆದರೆ ಜೀವಶಾಸ್ತ್ರ ಓದಿದವಳನ್ನು ಯಾರಾದರೂ ಅಪರೂಪಕ್ಕೆ ಅದರ ಬಗ್ಗೆ ಕೇಳಿದಾಗ ಬಾಯಿ ನಿಲ್ಲುವುದಿಲ್ಲ. ಓಡಿದರೆ ಪ್ರಾಣಿ, ನಿಂತರೆ ಗಿಡ ಎನ್ನುವುದು ಬಹಳ ಹಳೆಯ ವಿಂಗಡಣೆ ಎಂದೆ. ಜೀವಗಳಿಗೆಲ್ಲ ಎರಡೇ ಸಾಮ್ರಾಜ್ಯ ಎಂದು ನಂಬಿದ್ದ ಕಾಲದಲ್ಲಿ ಅಣಬೆಯನ್ನು ಸಸ್ಯಗಳ ಕಡೆ ತಳ್ಳಿದ್ದರು. ಆಮೇಲೆ ನೋಡಿದರೆ ಅದರಲ್ಲಿ ಹಸಿರಿಲ್ಲ, ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಬರುವುದಿಲ್ಲ. ನಮ್ಮ ಹಾಗೆ ಇನ್ನೊಬ್ಬರು ಮಾಡಿದ್ದನ್ನೇ ತಿಂದು ಬದುಕುವ ಜೀವ. ಜೀವಕೋಶದ ಗೋಡೆಯಲ್ಲಿರುವುದು ಕೈಟಿನ್ ಎಂಬ ವಸ್ತು, ಸಿಗಡಿಯ ಸಿಪ್ಪೆಯಲ್ಲೂ ಅದೇ ಇದೆ. ಅದಕ್ಕೇ ಶಿಲೀಂಧ್ರಗಳಿಗೆ ಬೇರೆಯದೇ ಸಾಮ್ರಾಜ್ಯ ಕೊಟ್ಟರು. ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಆದರೆ ಬೇರು ಹಿಡಿದು ಹಿಂದೆ ಹೋದರೆ ಗಿಡಕ್ಕಿಂತ ಪ್ರಾಣಿಗೇ ಹತ್ತಿರದ ನೆಂಟ.

"ನೆಂಟನಂಬ್ರ್!" ತಮ್ಮ ನಕ್ಕ. "ತಾನೂ ಉಂಬುದಿಲ್ಲ, ಅವ್ಳಿಗೂ ಉಂಬುಕ್ ಬಿಡುದಿಲ್ಲ." ಅಣಬೆಯ ವಾಸನೆ ನನಗೆ ಮೊದಲಿನಿಂದಲೂ ಆಗುವುದಿಲ್ಲ, ಅದು ಅವನಿಗೆ ಗೊತ್ತು.

"ಸಿಗಡಿ ಹತ್ರದ್ದ್ ಅಂದ್ಮೇಲೆ ನಂಗ್ ಬ್ಯಾಡ," ಎಂದು ಅವಳು ಮಜ್ಜಿಗೆ ಬಡಿಸಿಕೊಂಡಳು. ಅವಳನ್ನು ಕೆಣಕಲೆಂದೇ ತಮ್ಮ ಅವಳ ಪಾಲನ್ನೂ ತನ್ನ ಎಲೆಗೆ ಬಗ್ಗಿಸಿಕೊಂಡ.

ಮಧ್ಯಾಹ್ನದ ಚಹಾಕ್ಕೆ ನೀರಿಡುವ ಹೊತ್ತಿಗೆ ಅವನು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ವಾಂತಿ ನಿಲ್ಲಲೇ ಇಲ್ಲ. ಬೆವರು ಇಳಿಯುತ್ತಿತ್ತು, ಮುಟ್ಟಿದರೆ ಮೈ ತಣ್ಣಗೆ. ಪಕ್ಕದ ಮನೆಯವರ ಆಟೋದಲ್ಲಿ ಅವನನ್ನು ನನ್ನ ಹೆಗಲಿಗೆ ಒರಗಿಸಿಕೊಂಡು ಕುಂದಾಪುರಕ್ಕೆ ಹೊರಟೆವು. ಮಗುವನ್ನು ಸೆರಗಲ್ಲಿ ಸುತ್ತಿಕೊಂಡು ಅವಳೂ ಹತ್ತಿದಳು. ಮಳೆ ಒಳಗೆ ಹೊಡೆಯುತ್ತಿತ್ತು.

"ಹುತ್ತದ್ದೇ ಅದ್, ಅಕ್ಕ," ಎಂದು ಅವನು ದಾರಿಯುದ್ದಕ್ಕೂ ಗೊಣಗುತ್ತಿದ್ದ. ಚಿಕ್ಕಂದಿನಿಂದ ನಾವು ಮನೆ ಹಿಂದಿನ ಹುತ್ತದ ಮೇಲೆ ಏಳುವ ಅಣಬೆಯನ್ನೇ ಕೀಳುತ್ತಿದ್ದದ್ದು. ಬೇಸಿಗೆಯಲ್ಲಿ ಆ ಹುತ್ತವನ್ನು ಜೆಸಿಬಿಯಲ್ಲಿ ಎತ್ತಿಸಿ ಮಣ್ಣನ್ನು ದನದ ಹಟ್ಟಿಯ ಪಕ್ಕ ಹರಡಿಸಿದ್ದರು. ಅದೇ ಮಣ್ಣಿನ ಮೇಲೆ ಬಿಳಿ ಕೊಡೆಗಳು ಎದ್ದಾಗ, ಹುತ್ತದ ಅಣಬೆ ಜಾಗ ಬದಲಿಸಿ ಬಂದಿದೆ ಎಂದುಕೊಂಡಿದ್ದಾನೆ. ಹುತ್ತದ ಅಣಬೆಗೆ ಗೆದ್ದಲು ಬೇಕು. ಅದರ ಕಾಲು ನೆಲದೊಳಗೆ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ಇವು ಗೊಬ್ಬರದ ಹುಲ್ಲಿನಲ್ಲಿ ಮೇಲೆ ಮೇಲೆ ಹುಟ್ಟಿದ ಬೇರೆ ಯಾವುದೋ.

ಡಾಕ್ಟರು ಮೊದಲು ಕೇಳಿದ್ದು ಉಂಡ ಎಷ್ಟು ಹೊತ್ತಿಗೆ ಶುರುವಾಯಿತು ಎಂದು. ಬೇಗ ವಾಂತಿಯಾದದ್ದು ಸ್ವಲ್ಪ ಒಳ್ಳೆಯದೇ, ತಡವಾಗಿ ಶುರುವಾಗುವ ವಿಷ ಲಿವರನ್ನೇ ಹಿಡಿಯುತ್ತದೆ ಎಂದರು. "ಆದ್ರೆ ಬುಟ್ಟೀಲಿ ಎರಡು ಜಾತಿ ಬೆರಕೆ ಆಗಿದ್ರೆ ಈಗ್ಲೇ ಹೇಳ್ಲಿಕ್ಕಾಗುದಿಲ್ಲ. ನಾಳೆ ಪುನಃ ರಕ್ತ ನೋಡ್ಬೇಕು." ಆಮೇಲೆ ಅವಳ ಕಡೆ ತಿರುಗಿ, "ನೀವು ತಿಂದಿದ್ದೀರಾ?" ಎಂದರು.

"ಇಲ್ಲ" ಎಂದಳು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡಳು. "ಅತ್ಗಿ, ಉಪ್ಪ್ ಕಾಂಬುಕೆ ಅಂಗೈಗ್ ಒಂದ್ ಹನಿ ಹಾಕಂಡಿನಾ ಏನೋ. ನೆನಪಾತಿಲ್ಲ. ಸೋಮವಾರ ಅಂದೇಳಿ ಅವ್ರ ಹತ್ರ ಕಾಂಬುಕ್ ಹೇಳಿದ್ನಾ, ನಾನೇ ಕಂಡ್ನಾ... ಹಾಲಂಗೆ ಬತ್ತಾ ಅದ್?"

ಮತ್ತೆ ಒಳಗೆ ಹೋದೆವು. ಡಾಕ್ಟರಿಗೆ ಹೇಳಿದೆವು. ಹನಿಯಲ್ಲಿ ಏನೂ ಆಗಲಿಕ್ಕಿಲ್ಲ, ಆದರೂ ಅವಳ ರಕ್ತವನ್ನೂ ನೋಡೋಣ, ಅಲ್ಲಿಯವರೆಗೆ ಮಗುವಿಗೆ ಡಬ್ಬಿ ಹಾಲು ಸಾಕು ಎಂದರು. ಮಗು ಬಾಟಲಿಯ ತೊಟ್ಟನ್ನು ನಾಲಿಗೆಯಿಂದ ಹೊರಗೆ ತಳ್ಳಿತು. ಅಮ್ಮನ ಎದೆಯ ಕಡೆಗೇ ಮುಖ ಮಾಡಿ ಅತ್ತಿತು. ಅವಳು ಅದನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಕೂತಳು.

ಮಗುವನ್ನು ಎತ್ತಿಕೊಂಡು ವರಾಂಡದಲ್ಲಿ ಅತ್ತಿತ್ತ ನಡೆಯುತ್ತ ನಾನು ಓದಿದ್ದನ್ನೆಲ್ಲ ತಡಕಾಡಿದೆ. ಎರಡು ಸಾಮ್ರಾಜ್ಯ ಐದಾದದ್ದು, ಆ ಐದನ್ನೂ ಮತ್ತೆ ಒಡೆದು ಹಂಚಿದ್ದು, ಎಲ್ಲವೂ ನೆನಪಿತ್ತು. ಯಾವುದೂ ಕೆಲಸಕ್ಕೆ ಬರಲಿಲ್ಲ. ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್, ಪೆನಿಸಿಲಿನ್ ಕೊಟ್ಟ ಬೂಷ್ಟು, ಮಳೆಗಾಲದಲ್ಲಿ ಕಾಲ್ಬೆರಳ ಸಂದಿಗೆ ಬರುವ ಕೆಸರುಹುಣ್ಣು, ನಮ್ಮ ಹುತ್ತದ ಅಣಬೆ, ತಮ್ಮನನ್ನು ಕೆಡವಿದ್ದು, ಎಲ್ಲ ಒಂದೇ ಸಾಮ್ರಾಜ್ಯದ ಪ್ರಜೆಗಳು. ಉಣ್ಣಬೇಕೋ ಬೇಡವೋ ಎಂದು ಯಾವ ಸಾಮ್ರಾಜ್ಯವೂ ಹೇಳುವುದಿಲ್ಲ. ಅದಕ್ಕೆ ಹತ್ತಿರ ಹೋಗಿ, ಬುಡ ಅಗೆದು, ಈ ಒಂದು ಯಾವುದು ಎಂದು ನೋಡಬೇಕು. ಆ ದಿನ ಅದನ್ನು ಯಾರೂ ಕೇಳಲಿಲ್ಲ. ಅವಳು ಕೇಳಿದ್ದು ವ್ರತದ ಪ್ರಶ್ನೆ, ನಾನು ಹೇಳಿದ್ದು ಪರೀಕ್ಷೆಯ ಉತ್ತರ. ಅವೆರಡರ ನಡುವೆ ಅಪಾಯ ಅವಳ ಎಲೆಯನ್ನು ದಾಟಿ ಹೋಯಿತು.

ಇದು ನಡೆದು ತಿಂಗಳುಗಳೇ ಆದವು. ಈಗಲೂ ಒಬ್ಬಳೇ ಇದ್ದಾಗ ಆ ಊಟ ಮತ್ತೆ ಶುರುವಾಗುತ್ತದೆ. ಅದರಲ್ಲಿ ನನಗೆ ಹಸಿವು, ಮಾತನಾಡುವ ಉಮೇದಿಲ್ಲ. ಸೌಟು ಹಿಡಿದವಳಿಗೆ, "ಗಿಡವೇ, ಉಣ್ಣು" ಎನ್ನುತ್ತೇನೆ. ಊರೆಲ್ಲ ಹೇಳುವ ಉತ್ತರ. ಅವಳು ಖುಷಿಯಿಂದ ಎರಡು ಸೌಟು ಹಾಕಿಕೊಳ್ಳುತ್ತಾಳೆ, ಊಟ ಮುಗಿಸಿ ಕೈ ಒರೆಸಿಕೊಂಡು ಮಗುವನ್ನು ಎತ್ತಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ನನಗೆ ನೋಡಲಾಗುವುದಿಲ್ಲ. ನೀನು ಹೇಳಿದ್ದರಿಂದ ಉಳಿದಳು ಎಂದು ಮನೆಯವರು ಅನ್ನುತ್ತಾರೆ. ವಿಷದ ಬಗ್ಗೆ ನಾನು ಒಂದಕ್ಷರವನ್ನೂ ಹೇಳಿರಲಿಲ್ಲ.

ಆ ಸೋಮವಾರದ ಮರುದಿನ ಆಸ್ಪತ್ರೆಯಲ್ಲಿ ಎರಡನೆಯ ಸಲ ರಕ್ತ ತೆಗೆದರು. ವರದಿ ಬರುವಾಗ ತಮ್ಮ ಎದ್ದು ಕೂತಿದ್ದ, ಗಂಜಿ ಕೇಳುತ್ತಿದ್ದ. ಅವನ ಲಿವರ್ ಸರಿ ಇದೆ, ಅವಳ ರಕ್ತದಲ್ಲೂ ಏನೂ ಇಲ್ಲ, ಇನ್ನು ಹಾಲು ಕೊಡಬಹುದು ಎಂದು ಡಾಕ್ಟರು ಬಾಗಿಲಲ್ಲೇ ನಿಂತು ಹೇಳಿ ಮುಂದಿನ ವಾರ್ಡಿಗೆ ಹೋದರು. ಅವಳು ಬೆಂಚಿನವರೆಗೂ ಹೋಗಲಿಲ್ಲ. ಜನ ಓಡಾಡುವ ವರಾಂಡದಲ್ಲೇ ನೆಲಕ್ಕೆ ಕೂತು ಮಗುವನ್ನು ಎದೆಗೆ ಹಿಡಿದಳು. ನಾನು ಮರೆಯಾಗಲೆಂದು ಶಾಲು ಹಿಡಿದು ಮುಂದೆ ನಿಂತೆ. ಮಗು ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳುತ್ತಿತ್ತು. ಶಾಲು ಜಾರಿದಾಗಲೆಲ್ಲ ಮತ್ತೆ ಎತ್ತಿ ಹಿಡಿದೆ.