ಹಾಡು ಕಟ್ಟಿದವಳ ಹೆಸರೆಲ್ಲಿ?

ಹೊಸದುರ್ಗದ ಕಾಲೇಜೊಂದರ ಜವಾನ ಇನ್ನೂ ಕಸ ಗುಡಿಸುತ್ತಿದ್ದಾನೆ. ಬಾಗೂರಿನಿಂದ ಮೊದಲ ಬಸ್ಸಿಗೆ ಬಂದ ಚೌಡೇಶ್ವರಿ ಮೇಡಂ ಸಂಗೀತದ ಕೊಠಡಿಯಲ್ಲಿ ಆಗಲೇ ಪಾಠ ಶುರು ಮಾಡಿದ್ದಾರೆ. ಮೊಬೈಲಿನಿಂದ ಹೆಣ್ಣುದನಿಯೊಂದು ಏರುತ್ತಿದೆ.

"ಒಪೆರಾ ಅಂದ್ರೆ ಗಾಬರಿ ಆಗ್ಬ್ಯಾಡ್ರಿ. ನಮ್ಮ ಬಯಲಾಟ ಇದ್ದಂಗೇ ಐತೆ, ಮಾತು ಕಮ್ಮಿ, ಹಾಡೇ ಜಾಸ್ತಿ. ಇಟಲಿಯಾಗೆ ನಾನೂರು ವರ್ಷದ ಹಿಂದೇನೇ ಒಬ್ಬ ಹೆಣ್ಮಗಳು ಇಂಥದ್ದು ಕಟ್ಟಿದ್ಲು," ಎನ್ನುತ್ತಾರೆ.

ಇಷ್ಟು ಬೇಗ ಯಾಕೆ? ವೇಳಾಪಟ್ಟಿಯಲ್ಲಿ ಈ ಪಾಠಕ್ಕೆ ಜಾಗವೇ ಇಲ್ಲ! ಪಠ್ಯದ ಒಪೆರಾ ಅಧ್ಯಾಯದಲ್ಲಿರುವವರೆಲ್ಲ ಗಂಡಸರು. ಪರೀಕ್ಷೆಗೆ ಬಾರದ ಹೆಂಗಸರನ್ನು ಕಲಿಸಿ ಏನು ಪ್ರಯೋಜನ ಎಂದು ವಿಭಾಗದ ಮುಖ್ಯಸ್ಥ ನಿರಂಜನ್ ಕೇಳುತ್ತಾರಂತೆ. ಕಲಿಸದೇ ಇದ್ದರೆ ಪರೀಕ್ಷೆಗೆ ಬರುವುದಾದರೂ ಹೇಗೆ ಮಹಾರಾಯರೇ? ಮೇಡಂ ಅತಿಥಿ ಉಪನ್ಯಾಸಕಿ. ಮುಂದಿನ ವರ್ಷ ಕರೆಯುತ್ತಾರೆಂಬ ಖಾತ್ರಿ ಇಲ್ಲ. ಆದರೂ ಬೆಳಗಿನ ಪಾಠ ಬಿಟ್ಟಿಲ್ಲ.

ಈ ಹಟದ ಬೇರು ಮನೆಯಲ್ಲೇ ಇದೆ. ತಂದೆ ಈರಬಸಪ್ಪ ಬಯಲಾಟ ಕಲಿಸುವ ಮಾಸ್ತರಾಗಿದ್ದರು. ಪರದೆ ಸರಿಯುವ ಮೊದಲು ಮಾಸ್ತರ ಹೆಸರನ್ನು ಜೋರಾಗಿ ಕೂಗಿ ಹೇಳುವುದು ಅವರ ಮೇಳದ ಪದ್ಧತಿ.

"ಮಟ್ಟು ಹಾಕ್ತಿದ್ದೋಳು ನಮ್ಮವ್ವ ಕಾಳಕ್ಕ. ರೊಟ್ಟಿ ತಟ್ತಾ ತಟ್ತಾ ಹೊಸ ಧಾಟಿ ಗುನುಗೋಳು. ಅಪ್ಪ ಅದನ್ನ ಆಟದಾಗೆ ಹಾಡಿಸೋರು. ಒಂದು ದಿನಾನಾದ್ರೂ ಅವ್ವನ ಹೆಸರು ಹೇಳಿದ್ರೆ ಕೇಳ್ರಿ!" ಹೇಳುವಾಗ ಮೇಡಂ ಮುಖ ಕೆಂಪಾಗುತ್ತದೆ.

ಕಾಲ ಬದಲಾಗಿದೆ ಅನ್ನುವವರು ಈ ಸಲದ ಕಾಲೇಜು ವಾರ್ಷಿಕೋತ್ಸವದ ಕತೆ ಕೇಳಬೇಕು. ವಿದ್ಯಾರ್ಥಿಗಳು ಒಂದು ಪುಟ್ಟ ಒಪೆರಾ ಆಡಲು ಹೊರಟರು. ಅಷ್ಟೂ ಹಾಡಿಗೆ ಮಟ್ಟು ಹಾಕಿದ್ದು ಕೊನೆಯ ವರ್ಷದ ಮೇಘಶ್ರೀ, ರಾಮಗಿರಿಯ ಹುಡುಗಿ. ಆಹ್ವಾನಪತ್ರಿಕೆ ಬಂತು. ಅದರಲ್ಲಿ 'ಸಂಗೀತ: ನಿರಂಜನ್'! ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಕೇಳಿದರೆ, "ಮಾಸ್ತರ ಹೆಸರು ಹಾಕೋದು ನಮ್ಮ ಕಡೆ ಪದ್ಧತಿ ಅಲ್ವೇನ್ರಿ?" ಎಂಬುದು ನಿರಂಜನ್ ಉತ್ತರ. ನಾಚಿಕೆ ಬೇಡವೇ?

ಮೇಡಂ ಬಿಡಲಿಲ್ಲ. ಕೊನೆಗೆ ನಿರಂಜನ್ ರಾಜಿಗೆ ಬಂದರು. ವೇದಿಕೆಯಲ್ಲಿ ನಿಮ್ಮ ಹೆಸರನ್ನೇ ಹೇಳಿಸೋಣ, ನೀವೂ ಮಾಸ್ತರೇ ತಾನೇ ಎಂದರು.

"ಸುಳ್ಳು ಯಾಕೆ ಹೇಳ್ಲಿ, ಒಂದು ಗಳಿಗೆ ಆಸೆ ಆತು ಕಣ್ರಿ," ಎಂದು ನಗುತ್ತಾರೆ ಮೇಡಂ. "ನನ್ನ ಹೆಸರನ್ನಾದ್ರೂ ಯಾವಾಗ ಯಾರು ಹೇಳಿದ್ರು? ಆಮೇಲೆ ಅನ್ನಿಸ್ತು, ಒಪ್ಕಂಡ್ರೆ ನಮ್ಮಪ್ಪ ಮಾಡಿದ್ದನ್ನೇ ನಾನೂ ಮಾಡಿದಂಗೆ. ಆ ಹುಡುಗಿ ಹೆಸರು ಹೇಳೋ ತನಕ ಹಾರ್ಮೋನಿಯಂ ಮುಟ್ಟಲ್ಲ ಅಂದ್ಬಿಟ್ಟೆ."

ಆ ಹಾಡುಗಳಿಗೆ ಹಾರ್ಮೋನಿಯಂ ಅಭ್ಯಾಸ ಮಾಡಿದ್ದವರು ಬೇರೆ ಯಾರೂ ಇರಲಿಲ್ಲ. ಆ ದಿನ ಸಭಾಂಗಣ ತುಂಬಿದೆ, ಪರದೆ ಸರಿದಿಲ್ಲ, ಮೇಡಂ ಕೈಕಟ್ಟಿ ಕುಳಿತಿದ್ದಾರೆ. ಜನ ಸಿಳ್ಳೆ ಹೊಡೆಯತೊಡಗಿದ ಮೇಲೆ ನಿರಂಜನ್ ತಲೆಯಾಡಿಸಿದರು. ಮೈಕಿನಲ್ಲಿ ಬಂತು: "ಸಂಗೀತ, ಮೇಘಶ್ರೀ."

ಮುಂದಿನ ಸಾಲಿನಲ್ಲಿ ಕೂತಿದ್ದ ಕಾಳಕ್ಕ ಆಟ ಮುಗಿದ ಮೇಲೆ ಮನೆಗೆ ಹೋಗುವ ಬಸ್ಸಿನಲ್ಲಿ ಮಗಳ ಕೈ ಹಿಡಿದು ಕೇಳಿದರಂತೆ: "ಅಲ್ಲ ಚೌಡಿ, ಹಂಗೆ ಒಂದು ಹೆಸರು ಹೇಳೋಕೆ ಇಷ್ಟೇ ಹೊತ್ತು ಸಾಕಾಗಿತ್ತೇನೇ?"