ಫೋಟೋದ ಹಣೆಗೆ ಇಟ್ಟ ಕುಂಕುಮ

ಸ್ವಾಮಿಯನ್ನು ನಂಬಿದ ಎಲ್ಲ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಅಮೆರಿಕದ ಪ್ಲೆಸೆಂಟನ್ನಿನಿಂದ ನಾಗರತ್ನಳ ನಮಸ್ಕಾರ. ಹೋದ ಡಿಸೆಂಬರಿನಲ್ಲಿ, ನಾವು ಇಟಲಿಗೆ ಹೊರಡಲು ಇನ್ನು ಹದಿನಾರೇ ದಿನ ಇದ್ದಾಗ, ನನ್ನ ಮಗಳ ಪಾಸ್‌ಪೋರ್ಟು ಹಾಳಾಯಿತು. ಆ ಕಷ್ಟದಲ್ಲಿ ವೆಂಕಟರಮಣ ಏನು ಮಾಡಿದ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ನಡುವೆ ಒಂದೆರಡು ಬುದ್ಧಿಮಾತು ನುಸುಳಿದರೆ ಬೇಸರ ಮಾಡಿಕೊಳ್ಳಬೇಡಿ, ಅದು ನನ್ನ ಹುಟ್ಟುಗುಣ.

ನಾನು ಮನೆಯಲ್ಲೇ ಡೇಕೇರ್ ನಡೆಸುತ್ತೇನೆ. ಅದಕ್ಕೆ ರಜೆ ಎಂದರೆ ಕ್ರಿಸ್‌ಮಸ್ಸಿನ ಎರಡು ವಾರ ಮಾತ್ರ. ಹತ್ತು ವರ್ಷ ಆ ಎರಡು ವಾರವೂ ಆಟಿಕೆ ತೊಳೆಯುವುದರಲ್ಲಿ, ಗೋಡೆಗೆ ಬಣ್ಣ ಬಳಿಯುವುದರಲ್ಲಿ ಕಳೆದುಹೋಗಿತ್ತು. ಎಲ್ಲಿಗಾದರೂ ಹೋಗಬೇಕು ಎಂಬ ಆಸೆ ಹುಟ್ಟಿದ್ದು ನಮ್ಮ ಅತ್ತೆ ಕಮಲಮ್ಮನವರಿಂದ.

ನಮ್ಮ ಮಾವ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲ್ವೆ ನೌಕರರಾಗಿದ್ದರು. ಅತ್ತೆ ಮೂವತ್ತು ವರ್ಷ ಕ್ವಾರ್ಟರ್ಸಿನಲ್ಲಿ ರೈಲಿನ ಸದ್ದಿಗೇ ಎದ್ದು ರೈಲಿನ ಸದ್ದಿಗೇ ಮಲಗಿದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದರು. ಒಂದು ದಿನ ಫ್ರೀವೇಯ ವಾಹನ ದಟ್ಟಣೆಯಲ್ಲಿ ಕಾರು ಮುಂದೆ ಹೋಗದೆ ನಿಂತಾಗ ಹಿಂದಿನ ಸೀಟಿನಿಂದ ಅಂದರು: “ಎಲ್ಲಿಗೆ ಹೋಗ್ಬೇಕಾದ್ರೂ ಬೆಲ್ಟ್ ಕಟ್ಕೊಂಡು ಗೊಂಬೆ ಥರ ಕೂರ್ಬೇಕು. ಒಂದ್ಸಲ ಕಿಟಕಿ ಪಕ್ಕ ಕೂತು ದೂರದ ರೈಲಲ್ಲಿ ಹೋಗ್ಬೇಕು ಕಣೇ ರತ್ನ.”

ನನ್ನ ಮಗಳು ಚಾರ್ವಿ ಆಗ ತನ್ನ ಐಪ್ಯಾಡಿನಲ್ಲಿ ವೆನಿಸ್ ತೋರಿಸಿದಳು. ಅಲ್ಲಿ ರೈಲು ನೀರಿನ ಮೇಲೆ ಹಾದು ಊರು ಸೇರುತ್ತದಂತೆ. “ನೀರಿನ ಮೇಲೆ ರೈಲಾ? ಸುಳ್ಳು ಹೇಳ್ಬೇಡ ಹೋಗೇ” ಎಂದರು ಅತ್ತೆ. ಆದರೆ ಅದನ್ನು ಮೂರು ಸಲ ನೋಡಿದರು.

ಅವತ್ತೇ ನಾನು ಕೆಲಸಕ್ಕೆ ಇಳಿದೆ. ಹಾಸನದಲ್ಲಿ ನಮ್ಮಪ್ಪನದು ಪಾತ್ರೆ ಅಂಗಡಿ. ಹಳೇ ಹಿತ್ತಾಳೆ ತಗೊಂಡು ಹೊಸ ಸ್ಟೀಲು ಕೊಡುವ ವ್ಯಾಪಾರದಲ್ಲಿ ಕೂತು ಬೆಳೆದವಳು ನಾನು, ನನಗೆ ಯಾರೂ ಟೋಪಿ ಹಾಕಲಾರರು. ರೋಮಿನಲ್ಲಿ ಇಳಿದು, ಫ್ಲಾರೆನ್ಸ್ ನೋಡಿಕೊಂಡು, ವೆನಿಸ್ಸಿನಿಂದ ವಿಮಾನ ಹತ್ತುವ ಹಾಗೆ ಬುಕ್ ಮಾಡಿದೆ. ಬಂದ ದಾರಿಯಲ್ಲೇ ವಾಪಸು ಹೋಗುವ ಕಾಟ ತಪ್ಪಿತು. ವೇಗದ ರೈಲಿಗೆ ಮೊದಲೇ ಟಿಕೆಟ್ ಕೊಳ್ಳಿ, ಊರೂರಿಗೂ ನಿಲ್ಲುವ ಸಣ್ಣ ರೈಲಿಗೆ ಆತುರ ಬೇಡ, ಅದರ ದರ ಏರುವುದಿಲ್ಲ. ಚಳಿಗಾಲದಲ್ಲಿ ಅಲ್ಲಿ ಐದು ಗಂಟೆಯೊಳಗೇ ಕತ್ತಲು, ಆದ್ದರಿಂದ ರೈಲು ಪ್ರಯಾಣವನ್ನು ಬೆಳಕಿನಲ್ಲೇ ಇಟ್ಟುಕೊಳ್ಳಿ. ಪೆಟ್ಟಿಗೆ ನೀವೇ ಎತ್ತಬೇಕು, ತಲೆಗೆ ಒಂದು ಸಾಕು. ಇದೆಲ್ಲ ಒಂದು ಹಾಳೆಯಲ್ಲಿ ಬರೆದು, ನಾಲ್ಕೂ ಪಾಸ್‌ಪೋರ್ಟುಗಳ ಕೊನೆಯ ದಿನಾಂಕ ನೋಡಿ ಎದುರಿಗೆ ಹಸಿರು ಟಿಕ್ ಹಾಕಿದೆ. ಅತ್ತೆಯದು ಇಂಡಿಯಾ ಪಾಸ್‌ಪೋರ್ಟು, ಅವರಿಗೊಬ್ಬರಿಗೆ ವೀಸಾ ಬೇಕಿತ್ತು. ತಿಂಗಳುಗಟ್ಟಲೆ ಕಾದ ಮೇಲೆ ಅದೂ ಬಂತು, ಆದರೆ ಆ ಎರಡು ವಾರಕ್ಕೆ ಮಾತ್ರ. ದಿನ ಮುಂದೂಡುವ ಹಾಗೇ ಇಲ್ಲ.

ಹೊರಡಲು ಹದಿನಾರು ದಿನ ಇದ್ದ ಆ ಶುಕ್ರವಾರ ಅತ್ತೆ ನಾಲ್ಕೂ ಪಾಸ್‌ಪೋರ್ಟು ದೇವರ ಮುಂದಿಟ್ಟು ಪೂಜೆ ಮಾಡಿದರು. ಮೂರರ ರಟ್ಟಿಗೆ ಕುಂಕುಮ ಇಟ್ಟರು. ಚಾರ್ವಿಯದನ್ನು ಬಿಚ್ಚಿದರು. ಐದು ವರ್ಷದವಳಿದ್ದಾಗಿನ ಫೋಟೋ. ಆ ಹಣೆ ಬೋಳಾಗಿ ಕಂಡಿತಂತೆ. ಕುಂಕುಮವನ್ನು ಒಂದು ತೊಟ್ಟು ನೀರಿನಲ್ಲಿ ಕಲಸಿ, ಫೋಟೋದ ಹಣೆಯ ನಡುವೆ ಬೊಟ್ಟು ಇಟ್ಟೇಬಿಟ್ಟರು.

ನಾನು ನೋಡಿ ಕಿರುಚಿದೆ. ಡೇಕೇರಿನಲ್ಲಿ ಮಕ್ಕಳ ಮೂತಿ ಒರೆಸುವ ಒದ್ದೆ ವೈಪ್ ತಂದು ಉಜ್ಜಿದೆ. ಉಜ್ಜಿದಷ್ಟೂ ಕೆಂಪು ಹರಡಿತು. ಮೇಲಿನ ತೆಳು ಪ್ಲಾಸ್ಟಿಕ್ಕಿನ ಅಂಚು ಎದ್ದು ಬಣ್ಣ ಒಳಕ್ಕೆ ಇಳಿದು, ಮಗುವಿನ ಅರ್ಧ ಮುಖವೂ ಪಕ್ಕದ ಅಕ್ಷರಗಳೂ ಕಿತ್ತಳೆ ಬಣ್ಣಕ್ಕೆ ತಿರುಗಿದವು.

“ಅಜ್ಜೀ! ದಟ್ಸ್ ಮೈ ಫೇಸ್!” ಎಂದಳು ಚಾರ್ವಿ.

ಆಗ ನನ್ನ ಬಾಯಿಂದ ಬಂದದ್ದನ್ನು ಮುಚ್ಚಿಡುವುದಿಲ್ಲ. “ಈ ಮನೇಲಿ ನಾನು ಕಟ್ಟೋದು, ನೀವು ಕೆಡಿಸೋದು. ನಿಮ್ಮ ಭಕ್ತಿಗೆ ಒಂದು ಮಿತಿ ಬೇಡ್ವಾ ಅತ್ತೆ?”

ಅತ್ತೆ ಕುಂಕುಮದ ಬಟ್ಟಲು ಮುಚ್ಚಿಟ್ಟರು. ಸಂಜೆ ಆಫೀಸಿನಿಂದ ಬಂದ ನಮ್ಮ ಯಜಮಾನರು ಪಾಸ್‌ಪೋರ್ಟು ತಿರುಗಿಸಿ ನೋಡಿ, “ಅಮ್ಮ ಇಟ್ಟಿದ್ದು ಬೊಟ್ಟು. ಒದ್ದೆ ಮಾಡಿ ಉಜ್ಜಿದ್ದು ಯಾರು?” ಎಂದರು. ನನ್ನ ಮುಖ ನೋಡಿ ಅದನ್ನು ಮೇಜಿನ ಮೇಲಿಟ್ಟರು. ಅತ್ತೆ ಮೆಲ್ಲಗೆ, “ನಾನು ಬರಲ್ಲಪ್ಪ. ನೀವು ಮೂರು ಜನ ಯಾವಾಗಾದ್ರೂ ಹೋಗಿ ಬನ್ನಿ” ಎಂದು ಎದ್ದು ಹೋದರು. ಅವತ್ತು ಊಟ ಮಾಡಲಿಲ್ಲ.

ತುರ್ತು ಪಾಸ್‌ಪೋರ್ಟಿನ ಕಚೇರಿಗೆ ಫೋನು ಮಾಡಿದರೆ, ಹದಿನಾಲ್ಕು ದಿನದೊಳಗೆ ಹೊರಡುವವರು ಮಾತ್ರ ಕೇಳಬೇಕು, ಸೋಮವಾರ ಮಾಡಿ ಎಂದರು. ಹಾಳೆಯ ತುಂಬ ಹಸಿರು ಟಿಕ್ ಇಟ್ಟುಕೊಂಡು ಏನೂ ಮಾಡಲಾರದೆ ಕೂತೆ. ನಾನು ಅಳುವವಳಲ್ಲ. ಅವತ್ತು ಅತ್ತುಬಿಟ್ಟೆ.

ಭಾನುವಾರ ಪಕ್ಕದೂರು ಲಿವರ್‌ಮೋರಿನ ದೇವಸ್ಥಾನಕ್ಕೆ ಹೋದೆವು. ಸ್ವಾಮಿಯ ಮುಂದೆ ನಿಂತು ನಾನು ನನಗೆ ಗೊತ್ತಿದ್ದ ರೀತಿಯಲ್ಲೇ ಶುರು ಮಾಡಿದೆ. “ಈ ಪಾಸ್‌ಪೋರ್ಟೇ ನಡೆಯೋ ಹಾಗೆ ಮಾಡಪ್ಪ, ಹನ್ನೊಂದು ಪ್ರದಕ್ಷಿಣೆ ಹಾಕ್ತೀನಿ. ಸರಿ, ಇಪ್ಪತ್ತೊಂದು. ಆದ್ರೆ ವಾಪಸ್ ಬಂದ ಮೇಲೆ.” ತುಟಿಯಲ್ಲೇ ಅಂದುಕೊಂಡಿದ್ದೇನೆ ಎಂದುಕೊಂಡಿದ್ದೆ, ಪಕ್ಕದಲ್ಲಿದ್ದ ಅತ್ತೆಗೆ ಕೇಳಿಸಿತ್ತು. ಎರಡು ದಿನದ ಮೇಲೆ ಮೊದಲ ಸಲ ಮಾತಾಡಿದರು.

“ದೇವರ ಹತ್ರಾನೂ ಚೌಕಾಸಿ ಮಾಡ್ತೀಯಲ್ಲೇ. ಅವನೇನು ನಿಮ್ಮಪ್ಪನ ಅಂಗಡಿಗೆ ಹಳೇ ಹಿತ್ತಾಳೆ ತಂದಿದಾನಾ?”

ನಗು ಬಂತು, ತಡೆದುಕೊಂಡೆ. “ನೀವೇನು ಕೇಳ್ಕೊಂಡ್ರಿ ಅತ್ತೆ?”

“ನಾನೇನ್ ಕೇಳ್ಲಿ. ನಮ್ಮ ಅರಸೀಕೆರೆ ಮಾಲೇಕಲ್ಲು ತಿರುಪತಿ ಬೆಟ್ಟದಲ್ಲಿರೋನೂ ಇವನೇ, ಇಲ್ಲಿರೋನೂ ಇವನೇ. ಮಗು ಹಣೆ ನೋಡ್ಕೊಳ್ಳಪ್ಪ ಅಂದೆ. ಅವತ್ತು ಬೊಟ್ಟು ಇಡೋವಾಗ್ಲೂ ಅದನ್ನೇ ಅಂದಿದ್ದು.”

ಸೋಮವಾರ ಬೆಳಿಗ್ಗೆ ಡೇಕೇರನ್ನು ನನ್ನ ಸಹಾಯಕಿಗೆ ಒಪ್ಪಿಸಿ, ಫೋನಿಗಿಂತ ಮೊದಲು ಇದೇ ನಡೆದೀತೇ ಎಂದು ಕೇಳಲು ನಮ್ಮೂರಲ್ಲೇ ಪಾಸ್‌ಪೋರ್ಟ್ ಅರ್ಜಿ ತೆಗೆದುಕೊಳ್ಳುವ ಕೌಂಟರಿಗೆ ಹೋದೆ. ಅತ್ತೆಯನ್ನೂ ಕರೆದುಕೊಂಡು ಹೋದೆ. ವಯಸ್ಸಾದವರು ಜೊತೆಗಿದ್ದರೆ ಮಾತು ಸ್ವಲ್ಪ ಮೆತ್ತಗಾಗುತ್ತದೆ ಎಂಬ ಲೆಕ್ಕಾಚಾರ. ಕೌಂಟರಿನಲ್ಲಿ ಕನ್ನಡಕವನ್ನು ಸರದಲ್ಲಿ ತೂಗುಹಾಕಿಕೊಂಡಿದ್ದ ಒಬ್ಬ ಅಮೆರಿಕದ ಹೆಂಗಸು. ನಾನು ವ್ಯಾಪಾರಕ್ಕೆ ನಿಂತೆ. ಇದು ದೇವರ ಗುರುತು, ಬರೀ ಬಣ್ಣ, ನಂಬರು ಓದಲು ಬರುತ್ತದೆ, ನೋಡಿ, ಬೆಳಕಿಗೆ ಹಿಡಿದರೆ ಮುಖವೂ ಕಾಣುತ್ತದೆ, ಏರ್‌ಪೋರ್ಟಿನಲ್ಲಿ ಇದನ್ನು ಯಾರು ಕೇಳುತ್ತಾರೆ ಎಂದೆಲ್ಲ ಹೇಳಿದೆ.

ಆಕೆ ಕನ್ನಡಕ ಏರಿಸಿ ಪುಟವನ್ನು ನೋಡಿದರು. ಕಲೆಯ ಮೇಲೆ ಅಲ್ಲ, ಅದರ ಕೆಳಗೆ ಬೆರಳಿಟ್ಟರು.

“ಇಟಲಿಯಿಂದ ಯಾವತ್ತು ಹೊರಡ್ತೀರಿ?”

“ಜನವರಿ ಮೂರು.”

“ಇದು ಫೆಬ್ರವರಿ ಕೊನೇಗೆ ಮುಗಿಯುತ್ತೆ. ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಬಾಕಿ ಇರ್ಬೇಕು. ಈ ಕಲೇನ ಯಾರಾದ್ರೂ ಕನಿಕರದವರು ಬಿಟ್ರೂ ಬಿಡಬಹುದು. ಈ ತಾರೀಕಿಗೆ ಮಾತ್ರ ನಿಮ್ಮನ್ನ ವಿಮಾನ ಹತ್ತಿಸ್ತಾ ಇರ್ಲಿಲ್ಲ.”

ದೊಡ್ಡವರ ಪಾಸ್‌ಪೋರ್ಟು ಹತ್ತು ವರ್ಷ, ಮಕ್ಕಳದು ಐದೇ ವರ್ಷ. ವಾಪಸು ಬಂದ ಮೇಲೂ ಸುಮಾರು ಎರಡು ತಿಂಗಳಿದೆ, ಸಾಕು ಎಂದು ನಾನೇ ಹಸಿರು ಟಿಕ್ ಹಾಕಿದ್ದೆ. ಆ ಬೊಟ್ಟು ಬೀಳದಿದ್ದರೆ ನಾವು ನಾಲ್ವರೂ ಪೆಟ್ಟಿಗೆ ಎಳೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನವರೆಗೆ ಹೋಗಿ ಅಲ್ಲಿಂದಲೇ ತಿರುಗಿ ಬರಬೇಕಿತ್ತು. ಅತ್ತೆಯ ವೀಸಾ ಅಲ್ಲಿಗೇ ಮುಗಿಯುತ್ತಿತ್ತು. ಕಲೆಯಿದ್ದರೂ ನಡೆಯಲಿ ಎಂದು ನಾನು ಕೇಳಿಕೊಂಡಿದ್ದೆ. ಸ್ವಾಮಿ ನಮ್ಮನ್ನು ಕಾಪಾಡಿದ್ದೇ ಆ ಕಲೆಯ ಮೂಲಕ.

ಹೊರಗೆ ಪಾರ್ಕಿಂಗಿನಲ್ಲಿ ಅತ್ತೆಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಕಾರಿನ ಬಾಗಿಲು ಹಿಡಿದು ನಿಂತು ಕೇಳಿದರು. “ಅತ್ತೆ, ಶುಕ್ರವಾರ ಆಡಿದ ಮಾತು...” ಎಂದೆ.

“ಬಿಡು. ಉಜ್ಜೋದನ್ನ ಮಾತ್ರ ಕಡಿಮೆ ಮಾಡು” ಎಂದರು. “ಹಸಿವಾಗ್ತಿದೆ, ನಡಿ.”

ಕಾರಿನಲ್ಲೇ ಕೂತು ಮತ್ತೆ ಆ ತುರ್ತು ಕಚೇರಿಗೆ ಫೋನು ಮಾಡಿದೆ. ಹರಕೆ ಏರಿಸಲಿಲ್ಲ, ಇಳಿಸಲಿಲ್ಲ. ಮಗಳ ಹಣೆ ನೀನೇ ನೋಡಿಕೊಳ್ಳಪ್ಪ ಎಂದಷ್ಟೇ ಅಂದುಕೊಂಡೆ. ಬಹಳ ಹೊತ್ತು ಹಾಡು ಕೇಳಿಸಿದ ಮೇಲೆ ಒಬ್ಬರು ಬಂದು, ಬುಧವಾರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಸಮಯ ಈಗಷ್ಟೇ ಖಾಲಿಯಾಯಿತು, ಬೇಕೇ ಎಂದರು. ಬೇಕೇ ಅಂತೆ!

ಮಗುವಿನ ಪಾಸ್‌ಪೋರ್ಟಿಗೆ ತಂದೆತಾಯಿ ಇಬ್ಬರೂ ಹೋಗಬೇಕು, ಇದನ್ನು ಮರೆಯಬೇಡಿ. ಹೊಸ ಫೋಟೋ ಬೇಕು. ಮಂಗಳವಾರ ಫೋಟೋಗೆ ಹೊರಡುವಾಗ ಚಾರ್ವಿ ತಾನಾಗಿಯೇ ದೇವರ ಮನೆ ಬಾಗಿಲಲ್ಲಿ ನಿಂತು, “ಅಜ್ಜಿ, ಪುಟ್ ಇಟ್ ನೌ. ಆನ್ ಮೀ, ನಾಟ್ ಆನ್ ದ ಫೋಟೋ!” ಎಂದಳು. ಅತ್ತೆ ಕುಂಕುಮದ ಬಟ್ಟಲು ತೆರೆದರು. ಒಣ ಕುಂಕುಮ, ಸಣ್ಣ ಬೊಟ್ಟು. ಬುಧವಾರ ಪಾಸ್‌ಪೋರ್ಟ್ ಆಫೀಸಿನಲ್ಲಿ ಮುಖ ಸರಿಯಾಗಿ ಕಾಣುತ್ತದೆಯೇ ಎಂದು ನೋಡಿದರೇ ಹೊರತು ಬೊಟ್ಟಿನ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಶುಕ್ರವಾರ ಪಾಸ್‌ಪೋರ್ಟು ಕೈಗೆ ಬಂತು. ಅತ್ತೆ ಮುಟ್ಟಲು ಹಿಂಜರಿದರು. ನಾನೇ ನಾಲ್ಕನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, “ಈಗ ಎಷ್ಟು ಬೇಕಾದ್ರೂ ಇಡಿ ಅತ್ತೆ” ಎಂದು ದೇವರ ಮುಂದಿಟ್ಟೆ. ನೀವೂ ಹೀಗೇ ಮಾಡಿ. ಪೂಜೆಯೂ ಆಗುತ್ತದೆ, ಪಾಸ್‌ಪೋರ್ಟೂ ಉಳಿಯುತ್ತದೆ.

ರೋಮಿನಿಂದ ಹೊರಟ ರೈಲಿನಲ್ಲಿ ಅತ್ತೆಗೆ ಕಿಟಕಿ ಪಕ್ಕದ, ಮುಂದಕ್ಕೆ ಮುಖ ಮಾಡಿದ ಸೀಟು. ಒಂದೇ ದೂರು: “ಅರಸೀಕೆರೇಲಾದ್ರೆ ಇಷ್ಟೊತ್ತಿಗೆ ಬಿಸಿ ವಡೆ ಬರ್ತಿತ್ತು.” ನಾನು ಕಟ್ಟಿಕೊಂಡು ಹೋಗಿದ್ದ ಚಕ್ಕುಲಿ ಕೊಟ್ಟೆ. ನಾಲ್ಕು ದಿನದ ಮೇಲೆ, ಫ್ಲಾರೆನ್ಸ್ ನೋಡಿ ಹತ್ತಿದ ರೈಲು ವೆನಿಸ್ ಹತ್ತಿರ ಬಂದಾಗ ನೆಲ ಮುಗಿಯಿತು. ಎಡಕ್ಕೂ ನೀರು, ಬಲಕ್ಕೂ ನೀರು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

“ರತ್ನ, ಹಳಿ ಎಲ್ಲೇ?”

“ಕೆಳಗಿದೆ ಅತ್ತೆ.”

“ಕಾಣ್ತಾ ಇಲ್ವಲ್ಲೇ.”

“ಕಾಣದಿದ್ರೂ ಇದೆ ಅತ್ತೆ. ಹೋಗ್ತಾ ಇದೀವಲ್ಲ.”

ಊರಿಗೆ ಬಂದ ಮೇಲಿನ ಮೊದಲ ಭಾನುವಾರ ಲಿವರ್‌ಮೋರಿಗೆ ಹೋದೆವು. ಇಪ್ಪತ್ತೊಂದು ಪ್ರದಕ್ಷಿಣೆ ಎಂದು ಮಾತು ಕೊಟ್ಟಿದ್ದೆನಲ್ಲ, ಅತ್ತೆಯ ಕೈ ಹಿಡಿದು ಶುರು ಮಾಡಿದೆ. ಎಷ್ಟಾಯಿತೋ, ಇಬ್ಬರೂ ಎಣಿಸಲಿಲ್ಲ.