ಮೆತ್ತಣ್ಣನ ಗಡ್ಡ

ಮೆತ್ತಣ್ಣ ಹೃದಯ ನಿಂತು ಹೋದ ಎಂದು ಬೀದಿಯವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಕತೆ ಶುರುವಾದದ್ದು ಅವನ ಬಲಗಾಲಿನಲ್ಲಿ, ಮೊಣಕಾಲಿನ ಕೆಳಗೆ, ಮೀನಖಂಡದಲ್ಲಿ.

ಮೆತ್ತಣ್ಣ ಎಂಬುದು ಮಕ್ಕಳಿಟ್ಟ ಹೆಸರು. ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಕೂರಿಸಿದೊಡನೆ ಬೀದಿ ಒಂದಾಗುವಂತೆ ಕಿರುಚುವ ಮಗು, ಅವನ ಬೆರಳು ನೆತ್ತಿಗೆ ತಾಕುತ್ತಲೇ ತೂಕಡಿಸತೊಡಗುತ್ತಿತ್ತು. ಅಂಥ ಮೆತ್ತಗಿನ ಕೈ. ಆ ಕ್ಷೌರದಂಗಡಿ ಅವನ ಮಾವನದು. ಎದುರುಬದುರು ಗೋಡೆಗಳಿಗೆ ಕನ್ನಡಿ, ನಡುವೆ ಎರಡು ಕುರ್ಚಿ. ಮಾವ ತೀರಿಕೊಂಡ ಮೇಲೆ ಬಾಗಿಲ ಬಳಿಯ ಕುರ್ಚಿ ಮೆತ್ತಣ್ಣನಿಗೆ ಬಂತು, ಒಳಗಿನದು ಹೆಂಡತಿಯ ತಮ್ಮನಿಗೆ. ಭಾವ, ಭಾವಮೈದುನ ಇಬ್ಬರೂ ದಿನವಿಡೀ ಬೆನ್ನಿಗೆ ಬೆನ್ನು ಹಾಕಿ ನಿಂತು, ಕನ್ನಡಿಯಲ್ಲಿ ಮುಖ ನೋಡಿಕೊಂಡು ಮಾತಾಡುತ್ತಿದ್ದರು.

ಕುರ್ಚಿಗಳ ಜೊತೆಗೆ ಮಾವ ಬಿಟ್ಟುಹೋದದ್ದು ಒಂದು ಕಟ್ಟುಪಾಡು. ಬೆಳಿಗ್ಗೆ ಶಟರನ್ನು ಅರ್ಧ ಎತ್ತಿ, ಮೊದಲ ಗಿರಾಕಿ ಬರುವ ಮುಂಚೆ, ಒಬ್ಬರ ಗಡ್ಡ ಒಬ್ಬರು ತೆಗೆಯಬೇಕು. ತನ್ನ ಕೊರಳಿಗೆ ತಾನೇ ಕತ್ತಿ ಇಟ್ಟುಕೊಳ್ಳುವವನಿಗೆ ಬೇರೆಯವರ ಕೊರಳಿನ ಬೆಲೆ ಮರೆತುಹೋಗುತ್ತದೆ ಎಂದು ಮುದುಕ ಹೇಳುತ್ತಿದ್ದ. ಹಾಗಾಗಿ ಮೆತ್ತಣ್ಣ ಮದುವೆಯಾದ ಮೇಲೆ ಒಂದು ದಿನವೂ ತನ್ನ ಮುಖಕ್ಕೆ ತಾನು ಸೋಪು ಹಚ್ಚಿಕೊಂಡವನಲ್ಲ.

ಅವನ ಅಣ್ಣ ಬಡಗಿ. ಕೀಸುಳಿ ಹಿಡಿದು ಹಿಡಿದು ತೋಳು ಹಗ್ಗದ ಹಾಗೆ ಹುರಿಗಟ್ಟಿದ್ದ ಆಳು. ಆ ತೋಳಿನಲ್ಲಿ ಮೊದಲು ಸಣ್ಣಗೆ ಏನೋ ಅದುರಿತು. ಆಮೇಲೆ ಹೆಬ್ಬೆರಳ ಬುಡದ ಮಾಂಸ ಇಳಿಯಿತು, ಆಮೇಲೆ ಕೈ, ಆಮೇಲೆ ಕಾಲು, ಕೊನೆಗೆ ಮಾತು. ನರ ಸಾಯುವ ಕಾಯಿಲೆ, ಔಷಧಿಯಿಲ್ಲ ಎಂದರು. ಅಣ್ಣ ಹಾಸಿಗೆ ಹಿಡಿದಷ್ಟು ಕಾಲವೂ ಮೆತ್ತಣ್ಣನೇ ಹೋಗಿ ಗಡ್ಡ ತೆಗೆದುಬರುತ್ತಿದ್ದ. ನೊರೆಯ ಕೆಳಗೆ ಅಣ್ಣನ ಗಲ್ಲ, ಬಾಯಿ ತೆರೆದರೆ ನಾಲಿಗೆ, ಹುಳು ಹರಿದಾಡಿದಂತೆ ಮಿಡುಕುತ್ತಿದ್ದವು. ಅದನ್ನು ಅವನಷ್ಟು ಹತ್ತಿರದಿಂದ ಇನ್ಯಾರೂ ನೋಡಿರಲಿಲ್ಲ.

ಅಣ್ಣ ಹೋಗಿ ಕೆಲವು ವರ್ಷಗಳಾಗಿದ್ದವು. ಒಂದು ಮಧ್ಯಾಹ್ನ ಗಿರಾಕಿಯಿಲ್ಲದೆ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಾಗ ಮೆತ್ತಣ್ಣನ ಮೀನಖಂಡ ಅದುರಿತು. ಆ ಜಾಗಕ್ಕೆ ಯಾರು ಹಾಗೆ ಹೆಸರಿಟ್ಟರೋ, ಚರ್ಮದಡಿ ನಿಜವಾಗಿ ಒಂದು ಮೀನು ಬಾಲ ಬಡಿದಂತೆ ಇತ್ತು. ಅವನು ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿ ನೋಡುತ್ತಾ ಕೂತ. ನಿಂತಿತು. ಮತ್ತೆ ಬಡಿಯಿತು. ಮರುವಾರ ತೊಡೆ, ಆಮೇಲೆ ಭುಜ, ಆಮೇಲೆ ರೆಪ್ಪೆ. ಎಲ್ಲಿ ಅದುರುತ್ತದೋ ಎಂದು ಕಾಯುವುದೇ ಕಸುಬಾಯಿತು, ಕಾದಲ್ಲೆಲ್ಲ ಅದುರಿತು.

ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಅತ್ತಿಗೆಯ ಮನೆಗೆ ಹೋಗುವುದನ್ನೂ ಬಿಟ್ಟ. ಅವಳು ನೋಡಿದ ಕೂಡಲೇ ಗುರುತು ಹಿಡಿದುಬಿಟ್ಟರೆ? ಫೋನಿನಲ್ಲಿ ಹುಡುಕಿ ಓದಿದ. ಒಂದು ಕಡೆ ಏನೂ ಅಲ್ಲ ಎಂದು ಬರೆದಿರುತ್ತಿತ್ತು, ಇನ್ನೊಂದು ಕಡೆ ಅಣ್ಣನ ಕಾಯಿಲೆಯ ಹೆಸರಿರುತ್ತಿತ್ತು. ಮೊದಲನೆಯದನ್ನು ಒಮ್ಮೆ ಓದುತ್ತಿದ್ದ, ಎರಡನೆಯದನ್ನು ಮತ್ತೆ ಮತ್ತೆ. ಗಿರಾಕಿ ಎದ್ದುಹೋದೊಡನೆ ಕನ್ನಡಿಗೆ ಮುಖವಿಟ್ಟು ನಾಲಿಗೆ ಚಾಚಿ, ಮಿಡುಕುತ್ತಿದೆಯೇ ಎಂದು ನೋಡುತ್ತಿದ್ದ. ಕನ್ನಡಿಯ ಅಂಗಡಿಯಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ರಿಟೈರಾದ ಮೇಷ್ಟ್ರೊಬ್ಬರು ಬೆಂಚಿನ ಮೇಲೆ ಪೇಪರು ಹಿಡಿದು ಕೂತವರು ಎದುರಿನ ಕನ್ನಡಿಯಲ್ಲಿ ಕಂಡುಬಿಟ್ಟರು.

"ಏನಯ್ಯಾ ಮೆತ್ತಣ್ಣ, ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದೆ, ಯಾವನೂ ನನಗೆ ನಾಲಿಗೆ ತೋರಿಸಿರ್ಲಿಲ್ಲ!"

"ಹುಣ್ಣಾಗಿದೆ ಮೇಷ್ಟ್ರೇ."

"ಸುಳ್ಳು ಹೇಳಿದೋರಿಗೆ ಹುಣ್ಣಾಗುತ್ತೆ ಅಂತಾರೆ. ನೀನು ಹುಣ್ಣಾಗಿದೆ ಅಂತಾನೇ ಸುಳ್ಳು ಹೇಳ್ತಿದ್ದೀಯ."

ಅಂಗಡಿ ನಕ್ಕಿತು. ಅವನೂ ನಕ್ಕ.

ಹೀಗಿರುವಾಗ ಒಂದು ಬೆಳಿಗ್ಗೆ ಭಾವಮೈದುನ ಅವನ ಗಡ್ಡ ತೆಗೆಯುತ್ತಿದ್ದಾಗ ದವಡೆಯ ಕೆಳಗಿನ ಮಾಂಸ ಕತ್ತಿಯಡಿ ಪಟಪಟ ಎಂದಿತು. ಭಾವಮೈದುನ ಕೈ ನಿಲ್ಲಿಸಿದ. "ನುಂಗಬೇಡಿ ಭಾವ" ಎಂದ, ಅಷ್ಟೆ. ಅಣ್ಣನ ಗಲ್ಲದ ಮೇಲೆ ತಾನು ಕಂಡದ್ದನ್ನು ನಾಳೆ ಇವನು ತನ್ನ ಗಲ್ಲದ ಮೇಲೆ ಕಾಣುತ್ತಾನೆ. ಮಾರನೆಯ ಬೆಳಿಗ್ಗೆ ಅವನು ಕುರ್ಚಿಗೆ ಕೂರಲಿಲ್ಲ.

"ಇನ್ಮೇಲೆ ಗಡ್ಡ ಬಿಡ್ತೀನಿ ಕಣೋ."

"ಏನ್ ಭಾವ, ಸನ್ಯಾಸ ತಗೋತೀರಾ? ಅಕ್ಕನ್ನ ಕೇಳಿದ್ರಾ?"

"ವಯಸ್ಸಾಯ್ತು. ಬಿಟ್ರೆ ಚೆನ್ನಾಗಿರುತ್ತೆ."

"ಗಡ್ಡ ತೆಗೆಯೋನೇ ಗಡ್ಡ ಬಿಟ್ಕೊಂಡು ಬಾಗಿಲಲ್ಲಿ ನಿಂತ್ರೆ, ಬರೋ ಗಿರಾಕಿ ಇದು ಮಠ ಅನ್ಕೊಂಡು ಕೈ ಮುಗಿದು ಮುಂದೆ ಹೋಗ್ತಾನೆ."

ಮೆತ್ತಣ್ಣ ಜಗ್ಗಲಿಲ್ಲ. ಗಡ್ಡ ಕೆನ್ನೆ ಮುಚ್ಚಿತು, ದವಡೆ ಮುಚ್ಚಿತು, ಕೊರಳಿಗಿಳಿದು ಅಂಗಿಯ ಕಾಲರಿನೊಳಗೆ ಹೋಯಿತು. ಕಸುಬಿನವನಾದರೂ ಅದನ್ನು ಒಪ್ಪ ಮಾಡಿಕೊಳ್ಳಲೂ ಯಾರನ್ನೂ ಹತ್ತಿರ ಬಿಡಲಿಲ್ಲ.

ಅಷ್ಟರಲ್ಲಿ ಮೈ ಇಳಿಯತೊಡಗಿತ್ತು. ಎರಡಾಳಿನ ಊಟ ಮಾಡುತ್ತಿದ್ದ, ಬೆಲ್ಟಿಗೆ ಹೊಸ ತೂತು ಕೊರೆಯುತ್ತಿದ್ದ. ಎಲ್ಲರೂ ಸ್ವೆಟರು ಹಾಕುವ ಚಳಿಯಲ್ಲಿ ಫ್ಯಾನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದ. ಕೆಳಗೆ ಬಿದ್ದ ಬಾಚಣಿಗೆ ಎತ್ತಲು ಕುಕ್ಕರುಗಾಲಲ್ಲಿ ಕೂತರೆ ಏಳಲು ಕುರ್ಚಿಯ ಕೈ ಹಿಡಿಯಬೇಕಿತ್ತು. ಎದೆ ಸುಮ್ಮನೆ ಕೂತಾಗಲೂ ಓಡುತ್ತಿತ್ತು. ಹೆಂಡತಿ ಕೇಳಿದಳು, "ರೀ, ಉಂಡಿದ್ದೆಲ್ಲ ಎಲ್ಲಿಗೆ ಹೋಗ್ತಿದೆ? ಯಾರಾದ್ರೂ ಒಳಗೆ ಕೂತು ತಿಂತಿದಾರಾ?" ಅವನು ತಟ್ಟೆಯನ್ನು ಮತ್ತೆ ಮುಂದೆ ಚಾಚಿದ. ಅಣ್ಣನೂ ಹೀಗೇ ಇಳಿದದ್ದು, ಅಣ್ಣನ ಕಾಲೂ ಹೀಗೇ ಸೋತದ್ದು. ಬಂದದ್ದನ್ನೆಲ್ಲ ಅಣ್ಣನ ತಕ್ಕಡಿಗೇ ಹಾಕಿ ತೂಗುತ್ತಿದ್ದವನಿಗೆ, ಅಣ್ಣನಿಗೆ ಯಾವತ್ತೂ ಸೆಕೆಯಾಗುತ್ತಿರಲಿಲ್ಲ, ಎದೆ ಓಡುತ್ತಿರಲಿಲ್ಲ ಎಂಬುದು ಹೊಳೆಯಲೇ ಇಲ್ಲ.

ವೈದ್ಯರ ಬಳಿಗೆ ಹೋಗಲಿಲ್ಲವೆಂದಲ್ಲ. ದೂರದ ಬೀದಿಯ ಒಬ್ಬರ ಬಳಿ ಹೋಗಿ, "ಮೈ ಅದುರುತ್ತೆ" ಎಂದಷ್ಟೇ ಹೇಳಿದ. ಬೇರೇನೂ ಹೇಳಲಿಲ್ಲ, ಹೇಳುವಾಗ ಅವರ ಮುಖದಲ್ಲಿ ತನ್ನ ತೀರ್ಪು ಓದುತ್ತಿದ್ದ. ಟೆನ್ಷನ್ ಮಾಡಿಕೊಳ್ಳಬೇಡಿ, ಚೆನ್ನಾಗಿ ನಿದ್ದೆ ಮಾಡಿ ಎಂದು ವಿಟಮಿನ್ ಮಾತ್ರೆ ಬರೆದರು. ಆ ಸಮಾಧಾನ ಮನೆ ಮುಟ್ಟುವವರೆಗೆ ಉಳಿಯಿತು. ಇನ್ನೊಬ್ಬರು ನರದ ವೈದ್ಯರು, ಸೂಜಿ ಚುಚ್ಚಿ ಮಾಡುವ ಪರೀಕ್ಷೆಗೆ ಕಳಿಸಿದರು. ಅಣ್ಣನನ್ನು ಅದೇ ಪರೀಕ್ಷೆಗೆ ಕರೆದೊಯ್ದವನು ಅವನೇ. ಕೊಠಡಿಯ ಬಾಗಿಲವರೆಗೆ ಹೋದ, ಒಳಗಿನ ಯಂತ್ರ ಕಂಡಿತು, ತಿರುಗಿ ಬಂದುಬಿಟ್ಟ. ತಿಳಿಯದೆ ಇರಲಾರ, ತಿಳಿಯಲೂ ಒಲ್ಲ. ಹೀಗೆ ಹತ್ತಿರ ಹತ್ತಿರ ಎರಡು ವರ್ಷ ಕಳೆಯಿತು.

ಕೊನೆಗೆ ಕೈಯೇ ನಡುಗತೊಡಗಿತು. ಗಡ್ಡದ ಗಿರಾಕಿಗಳನ್ನು ಒಳಗಿನ ಕುರ್ಚಿಗೆ ದಾಟಿಸಿ ತಾನು ಬರೀ ಕತ್ತರಿ ಕೆಲಸ ಇಟ್ಟುಕೊಂಡ. ಮೇಷ್ಟ್ರು ಮಾತ್ರ ಒಪ್ಪಲಿಲ್ಲ. "ನನ್ನ ಕೆನ್ನೆಗೆ ನಿನ್ನ ಕೈಯೇ ಆಗ್ಬೇಕು" ಎಂದು ಹಟ ಹಿಡಿದು ಕೂತರು. ಕತ್ತಿ ಕಿವಿಯ ಬುಡಕ್ಕೆ ಬಂದಾಗ ಕೈ ಹಾರಿತು. ಬಿಳಿ ನೊರೆಯಲ್ಲಿ ಒಂದು ಕೆಂಪು ಗೆರೆ ಇಳಿಯಿತು. ಸಣ್ಣ ಗಾಯ. ಮೇಷ್ಟ್ರು, "ಬಿಡೋ, ರಕ್ತ ಇನ್ನೂ ಇದೆ ಅಂತ ಗೊತ್ತಾಯ್ತಲ್ಲ" ಎಂದು ನಕ್ಕುಬಿಟ್ಟರು. ಮೆತ್ತಣ್ಣ ನಗಲಿಲ್ಲ. ಅವನ ಕೈಯಿಂದ ಗಾಯವಾದದ್ದು ಅದೇ ಮೊದಲು. ಕತ್ತಿಯನ್ನು ತೊಳೆದು, ಒರೆಸಿ, ಮಡಿಸಿ ಇಟ್ಟ. ಮೇಷ್ಟ್ರು ಹೋದ ಮೇಲೆ ಕನ್ನಡಿಯಲ್ಲಿ ಭಾವಮೈದುನನ ಕಣ್ಣು ಹುಡುಕಿ ಹೇಳಿದ.

"ಈ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ಕೋ."

"ಯಾಕೆ, ನೀವೆಲ್ಲಿಗೆ ಹೋಗ್ತೀರಿ?"

"ಅಣ್ಣ ಹೋದಲ್ಲಿಗೆ."

ಭಾವಮೈದುನ ಮೊದಲು ತಮಾಷೆಯೆಂದುಕೊಂಡ, ಆಮೇಲೆ ಕನ್ನಡಿಯಲ್ಲಿ ಭಾವನ ಮುಖ ನೋಡಿದ. ಹೊರಗೆ ಹೊತ್ತು ಏರಿತ್ತು, ಗಿರಾಕಿ ಬರುವ ವೇಳೆ. ಆದರೂ ಅವನು ಹೋಗಿ ಶಟರನ್ನು ಪೂರ್ತಿ ಎಳೆದು, ದೀಪ ಹಾಕಿದ. ಮೆತ್ತಣ್ಣ ಎಲ್ಲವನ್ನೂ ಹೇಳಿದ: ಮೀನಖಂಡ, ನಾಲಿಗೆ, ಸೂಜಿಯ ಕೋಣೆ. ಹೇಳುವಾಗ ಅಳಲಿಲ್ಲ, ಬೇರೆ ಯಾರದೋ ವಿಷಯವೆಂಬಂತೆ ಹೇಳಿದ.

"ಕೂತ್ಕೊಳ್ಳಿ."

"ಯಾಕೋ?"

"ನಾನು ಕಣ್ಣಾರೆ ನೋಡ್ಬೇಕು. ಅದೇನು ಕುಣಿಯುತ್ತೋ ಕುಣೀಲಿ."

"ಬೇಡ ಕಣೋ."

"ಭಾವ, ಗಡ್ಡ ನಿಮ್ದಿರಬಹುದು, ಕುರ್ಚಿ ನಮ್ಮಪ್ಪಂದು. ಕೂತ್ಕೊಳ್ಳಿ."

ಕೂತ. ಕತ್ತರಿ ಮೊದಲು, ಆಮೇಲೆ ನೊರೆ, ಆಮೇಲೆ ಕತ್ತಿ. ಕೆನ್ನೆಯ ಎಲುಬುಗಳು ಎದ್ದು ಕಂಡವು. ದವಡೆಯ ಬಳಿ ಮಾಂಸ ಮಿಡುಕಿತು. "ಕಂಡಿತು, ಇರಲಿ" ಎಂದ. ಮೆತ್ತಣ್ಣ ಕಣ್ಣು ಮುಚ್ಚಿಕೊಂಡಿದ್ದ. ಕತ್ತಿ ಕೊರಳಿಗಿಳಿಯಿತು. ಆ ಕೊರಳಿನ ಏರಿಳಿತ ಭಾವಮೈದುನನ ಕೈಗೆ ಮನೆಯ ಮೆಟ್ಟಿಲಿನಷ್ಟು ಪರಿಚಯ. ಗಂಟಲಮಣಿಯ ಕೆಳಗೆ ಇಳಿಜಾರಿರಬೇಕಾದ ಕಡೆ ಕತ್ತಿ ದಿಬ್ಬ ಹತ್ತಿತು.

"ಭಾವ, ಇದು ಯಾವಾಗಿಂದ?"

"ಯಾವ್ದು?"

"ಕಣ್ಣು ಬಿಟ್ಟು ನೋಡಿ."

ಗಂಟಲಿನ ಎರಡೂ ಬದಿಗೆ, ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯಂತೆ ಒಂದು ಊತ. ನುಂಗಿದರೆ ಮೇಲೇರಿ ಕೆಳಗಿಳಿಯುತ್ತಿತ್ತು. ನಾಲಿಗೆಯನ್ನು ಅಷ್ಟು ಸಲ ನೋಡಿಕೊಂಡವನು, ಅದರಿಂದ ಅಂಗೈಯಷ್ಟು ದೂರದಲ್ಲಿದ್ದ ಇದನ್ನು ನೋಡಿರಲಿಲ್ಲ. ನೋಡದಂತೆ ಗಡ್ಡ ಬೆಳೆಸಿಕೊಂಡಿದ್ದವನೂ ಅವನೇ.

ಅದೇ ದಿನ ಅಕ್ಕನನ್ನೂ ಕರೆದುಕೊಂಡು ಭಾವಮೈದುನ ಅವನನ್ನು ಹತ್ತಿರದ ವೈದ್ಯೆಯೊಬ್ಬರ ಬಳಿ ಕೂರಿಸಿದ. ಆಕೆ ಹಿಂದೆ ನಿಂತು ಕೊರಳನ್ನು ಬೆರಳುಗಳಿಂದ ತಡವಿ ನೀರು ಕುಡಿಸಿದರು. ಕೈ ಚಾಚಲು ಹೇಳಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಗಾಳಿಗೆ ಸಿಕ್ಕಂತೆ ನಡುಗಿತು. ನಾಡಿ ಹಿಡಿದವರು ತುಂಬ ಹೊತ್ತು ಬಿಡಲಿಲ್ಲ.

ರಕ್ತಪರೀಕ್ಷೆ ಬಂದ ಮೇಲೆ ಹೇಳಿದರು, "ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡ್ತಿದೆ. ಒಲೆ ಉರಿ ಯಾರೋ ಪೂರ್ತಿ ತಿರುಗಿಸಿ ಬಿಟ್ಟ ಹಾಗೆ. ಮೈ ಇಳಿದಿದ್ದು, ಸೆಕೆ, ಕೈ ನಡುಕ, ತೊಡೆ ಸೋತಿದ್ದು ಇದರಿಂದ. ಸ್ನಾಯು ಅದುರೋದೂ ಇದರಿಂದ ಇರಬಹುದು. ಇರಬಹುದು ಅಂತೀನಿ, ಇವತ್ತೇ ಖಂಡಿತ ಅನ್ನಲ್ಲ. ಮೊದಲು ಇದನ್ನ ಹತೋಟಿಗೆ ತರೋಣ, ಆ ಸೂಜಿ ಪರೀಕ್ಷೇನೂ ಮಾಡಿಸೋಣ."

ಹೆಂಡತಿಗೆ ಸಮಾಧಾನವಾಯಿತು. ಮೆತ್ತಣ್ಣನ ಮುಖದಲ್ಲಿ ಮಾತ್ರ ನೆಮ್ಮದಿ ಕಾಣಲಿಲ್ಲ.

"ಡಾಕ್ಟ್ರಮ್ಮ, ನಮ್ಮಣ್ಣನಿಗೂ ಇದೇ ಇತ್ತಾ? ನಾನು ದಿನಾ ಗಡ್ಡ ತೆಗೀತಿದ್ದೆ. ಕೊರಳು ಮುಟ್ತಿದ್ದೆ. ನಾನೇ ನೋಡದೆ ಹೋದ್ನಾ?"

ವೈದ್ಯೆ ಪೆನ್ನು ಕೆಳಗಿಟ್ಟರು. ಅಣ್ಣನಿಗೆ ಎಲ್ಲಿ ತೋರಿಸಿದ್ದು, ಏನೇನು ಪರೀಕ್ಷೆ ಆಗಿತ್ತು, ಎಲ್ಲ ಕೇಳಿಕೊಂಡು, ಆ ಆಸ್ಪತ್ರೆಗೆ ಫೋನು ಮಾಡಿ ಹಳೆಯ ವರದಿ ಓದಿಸಿಕೊಂಡರು. "ಅವರಿಗಿದ್ದಿದ್ದು ಬೇರೆ. ಥೈರಾಯ್ಡನ್ನೂ ಆಗ ನೋಡಿದಾರೆ, ಸರಿಯಾಗೇ ಇತ್ತು. ನೀವು ಏನನ್ನೂ ನೋಡದೆ ಬಿಟ್ಟಿಲ್ಲ."

ಆಗ ಅವನು ಅತ್ತ. ಅಣ್ಣ ಸತ್ತಾಗ ಹೆಗಲು ಕೊಟ್ಟವನು, ಬಂದವರನ್ನು ಸಂತೈಸಿದವನು, ಆವರೆಗೂ ಅತ್ತಿರಲಿಲ್ಲ ಎಂಬುದು ಹೆಂಡತಿಗೆ ಆಗ ನೆನಪಾಯಿತಂತೆ.

ಮಾತ್ರೆಗಳು ಕೆಲಸ ಮಾಡಿದವು. ಸೂಜಿಯ ಪರೀಕ್ಷೆಗೆ ಭಾವಮೈದುನ ತೋಳು ಹಿಡಿದು ಒಳಗೆ ಕರೆದೊಯ್ದ, ನರಗಳಲ್ಲಿ ದೋಷವಿರಲಿಲ್ಲ. ಬೆಲ್ಟಿನ ಹೊಸ ತೂತುಗಳು ಒಂದೊಂದಾಗಿ ಬೇಡವಾದವು. ಅದುರುವುದು ಪೂರ್ತಿ ನಿಲ್ಲಲಿಲ್ಲ, ಯಾವಾಗಲಾದರೊಮ್ಮೆ ಮೀನು ಬಾಲ ಬಡಿಯುತ್ತಿತ್ತು. "ಬಂದ್ಯಾ?" ಎಂದು ಒಮ್ಮೆ ಕಾಲಿನ ಕಡೆ ನೋಡಿ, ಕೆಲಸ ಮುಂದುವರಿಸುತ್ತಿದ್ದ. ಕತ್ತಿ ಮತ್ತೆ ಕೈಗೆ ಬಂತು.

ಆದರೆ ಅಷ್ಟು ಕಾಲ ಹಿಡಿತವಿಲ್ಲದೆ ಓಡಿದ ಹೃದಯ ತಾಳ ತಪ್ಪಿತ್ತು, ಹಿಗ್ಗಿತ್ತು. ಮೊದಲೇ ಬಂದಿದ್ದರೆ ಎಂದು ವೈದ್ಯೆ ಶುರುಮಾಡಿ ಅಲ್ಲಿಗೇ ಬಿಟ್ಟರು. ಅದಕ್ಕೂ ಮಾತ್ರೆ ಕೊಟ್ಟರು. ಅವನು ನುಂಗಿದ, ದುಡಿದ, ಅತ್ತಿಗೆಯ ಮನೆಗೆ ವಾರವಾರ ಹೋಗಿಬಂದ. ಒಳ್ಳೆಯ ವರ್ಷಗಳವು. ಇನ್ನೂ ಒಂದಷ್ಟು ಇರಬೇಕಿತ್ತು ಎಂಬುದು ಉಳಿದವರ ಆಸೆ.

ಈ ವರ್ಷ ಕಾಲು ಊದಿಕೊಂಡು, ಉಸಿರು ಸಿಗದೆ ಆಸ್ಪತ್ರೆ ಸೇರಿದ. ಒರಗುದಿಂಬಿಗೆ ಬೆನ್ನು ಕೊಟ್ಟೇ ಕೂತಿರಬೇಕಿತ್ತು. ಕೊನೆಯ ಬೆಳಿಗ್ಗೆ ಒಬ್ಬ ಎಳೆಯ ಡಾಕ್ಟರು ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ತಲೆ ಬಗ್ಗಿಸಿ ಕೇಳುತ್ತಾ ನಿಂತ. ಅವನ ಹುಬ್ಬು ಗಂಟಾಯಿತು. ಹೆಂಡತಿಯೂ ಭಾವಮೈದುನನೂ ಆ ಮುಖವನ್ನೇ ನೋಡುತ್ತಿದ್ದರು. ಮೆತ್ತಣ್ಣ ನೋಡುತ್ತಿದ್ದದ್ದು ಅವನ ತಲೆಯನ್ನು.

"ಡಾಕ್ಟ್ರೇ, ಬಲಗಿವಿ ಹಿಂದೆ ಒಂದು ಕುಚ್ಚು ಹಂಗೇ ಬಿಟ್ಟಿದಾರೆ. ಯಾರ ಹತ್ರ ಮಾಡಿಸಿದ್ರಿ?"

ಡಾಕ್ಟರು ಗಾಬರಿಯಾಗಿ ಕಿವಿಯ ಹಿಂದೆ ಕೈ ಆಡಿಸಿದ. ಕುಚ್ಚು ಸಿಕ್ಕಿತು. ನಕ್ಕುಬಿಟ್ಟ.

"ನಮ್ಮ ಅಂಗಡಿಗೆ ಬನ್ನಿ" ಎಂದ ಮೆತ್ತಣ್ಣ, ಮಾತಿನ ನಡುವೆ ಉಸಿರು ತೆಗೆದುಕೊಂಡು. "ನಾನಿಲ್ದೇ ಇದ್ರೆ ಇವನಿದ್ದಾನೆ. ಕೈ ಸ್ವಲ್ಪ ಒರಟು. ಕೆಲಸ ಚೊಕ್ಕ."